ಎರಡು ತಂಡ, ಒಂದು ಪಾಸ್‌ಪೋರ್ಟ್

ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಗಿನ ಅಭ್ಯಾಸ ಮುಗಿಸಿದ ಅವಳು, ಕೆಸರು ಮೆತ್ತಿದ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಬೂಟು ಹಾಕಿಕೊಂಡು ಕಚೇರಿಯೊಳಗೆ ಬರಬಾರದೆಂಬ ನಿಯಮವನ್ನು ಶೆಫೀಲ್ಡಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಪಾಲಿಸುತ್ತಿದ್ದವಳು ಅವಳೊಬ್ಬಳೇ.

“ಹಾಯ್, ಪೇಪರ್‌ವರ್ಕ್,” ಎಂದಳು. ಡ್ರೆಸ್ಸಿಂಗ್ ರೂಮಿನಲ್ಲಿ ನನಗಿದ್ದ ಹೆಸರು ಅದು. “ನಿಮಗೊಂದು ಕೆಲಸ ತಂದಿದ್ದೀನಿ.”

ಫೋನನ್ನು ನನ್ನ ಮುಂದಿಟ್ಟಳು. ಇಂಗ್ಲೆಂಡಿನ ಹತ್ತೊಂಬತ್ತು ವರ್ಷದೊಳಗಿನ ಮಹಿಳಾ ತಂಡದಿಂದ ಬಂದ ಪತ್ರ. ನವೆಂಬರ್ ಕೊನೆಯಲ್ಲಿ ಶಿಬಿರ, ಅದರ ಬೆನ್ನಿಗೇ ಹೊರದೇಶದಲ್ಲಿ ಅರ್ಹತಾ ಪಂದ್ಯಗಳು. ಶಿಬಿರಕ್ಕೆ ಯಾವ ತಕರಾರೂ ಇಲ್ಲ. ಪಂದ್ಯದ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕು.

“ಇದೆಯಾ?” ಎಂದೆ.

“ಇಲ್ಲ. ಅದೇ ಕೆಲಸ.”

ಅವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಹುಟ್ಟಿ ಬೆಳೆದದ್ದು ಹಡರ್ಸ್‌ಫೀಲ್ಡಿನಲ್ಲಿ. ತಾಯಿ ಧಾರವಾಡದವರು, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್; ತಂದೆ ಬೆಂಗಳೂರಿನವರು, ಎಂಜಿನಿಯರ್. ಮನೆಯಲ್ಲಿ ಆಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾರ್ಕ್‌ಶರ್ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಲ್ಲಿ ಅವಳ ಮಾತುಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಆಟಗಾರ್ತಿಯರ ಆಟದ ಹೊರಗಿನ ಬದುಕನ್ನು ನೋಡಿಕೊಳ್ಳುವುದು: ಹೊಸಬರಿಗೆ ಮನೆ ಹುಡುಕುವುದು, ಜಿಪಿ, ಅಂದರೆ ಬಡಾವಣೆಯ ವೈದ್ಯರ ಬಳಿ ಹೆಸರು ನೋಂದಾಯಿಸುವುದು, ಪರೀಕ್ಷೆ ಇರುವವರಿಗೆ ಅಭ್ಯಾಸದ ವೇಳಾಪಟ್ಟಿ ಹೊಂದಿಸುವುದು, ವೀಸಾದ ಕಾಗದಗಳನ್ನು ಜೋಡಿಸಿ ವಕೀಲರಿಗೆ ಕೊಡುವುದು. ವಲಸೆಯ ವಿಷಯದಲ್ಲಿ ಸಲಹೆ ಕೊಡಲು ಇಲ್ಲಿ ಪರವಾನಗಿ ಬೇಕು, ಅದು ನನಗಿಲ್ಲ. ಕಾಗದ ಕೇಳಬಹುದು, ಓದಬಹುದು, ಸಾಲಾಗಿ ಇಡಬಹುದು. ‘ನೀನು ಹೀಗೆ ಮಾಡು’ ಎನ್ನುವಂತಿಲ್ಲ. ಸ್ವಭಾವತಃ ನನಗೆ ಒಪ್ಪುವ ನಿಯಮ ಅದು. ಆ ವರ್ಷ ಮಾತ್ರ ಅದು ನನಗೆ ಕಷ್ಟವಾಯಿತು.

ಅವಳ ಸ್ಥಿತಿ ಹೀಗಿತ್ತು. ಅವಳು ಹುಟ್ಟಿದಾಗ ತಂದೆತಾಯಿ ಇಬ್ಬರೂ ಕೆಲಸದ ವೀಸಾದ ಮೇಲಿದ್ದರು. ಹಾಗಾಗಿ ಹುಟ್ಟಿನಿಂದ ಅವಳು ಬ್ರಿಟಿಷಳಾಗಲಿಲ್ಲ. ಭಾರತದ ಪಾಸ್‌ಪೋರ್ಟ್ ಮಾಡಿಸಿದರು. ಆಮೇಲೆ ಮನೆಯವರಿಗೆಲ್ಲ ಇಲ್ಲಿ ಶಾಶ್ವತವಾಗಿ ಇರುವ ಅನುಮತಿ ಸಿಕ್ಕಿತು, ಆದರೆ ಪೌರತ್ವ ಬದಲಿಸಲಿಲ್ಲ. ಹದಿನೆಂಟರೊಳಗೆ ಮಾಡಿದ್ದರೆ ಸುಲಭದ ದಾರಿಯಿತ್ತು. ಈಗ ಉಳಿದದ್ದು ಇನ್ನೊಂದು: ಈ ದೇಶದಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಇಲ್ಲೇ ಬೆಳೆದವರು ಹಕ್ಕಿನಿಂದ ಬ್ರಿಟಿಷರಾಗಬಹುದು. ಒಂದೇ ಷರತ್ತು, ಆ ಹತ್ತರಲ್ಲಿ ಯಾವ ವರ್ಷವೂ ತೊಂಬತ್ತು ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಇದ್ದಿರಬಾರದು. ಇನ್ನೊಂದು ಬದಿಯಲ್ಲಿ ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಅವಳು ಬ್ರಿಟಿಷಳಾದ ಗಳಿಗೆಯಲ್ಲೇ ಭಾರತದ ಪೌರತ್ವ ಮುಗಿಯುತ್ತದೆ.

“ಮುಗೀಲಿ,” ಎಂದಳು. “ಏಳು ವರ್ಷದವಳಾಗಿದ್ದಾಗಿಂದ ಹಾಸಿಗೆ ಪಕ್ಕದ ಗೋಡೆ ಮೇಲೆ ಇಂಗ್ಲೆಂಡ್ ತಂಡದ ಮೂರು ಸಿಂಹದ ಲಾಂಛನ ಅಂಟಿಸಿಕೊಂಡಿದ್ದೀನಿ. ಯಾವತ್ತಿಗೆ ಆಗುತ್ತೆ ಹೇಳಿ.”

ಅದೇ ವಾರ ಕ್ಲಬ್ಬಿಗೆ ಇನ್ನೊಂದು ಪತ್ರ ಬಂತು. ಭಾರತದ ಹಿರಿಯ ಮಹಿಳಾ ತಂಡದ ಸಹಾಯಕ ಕೋಚ್ ಬರೆದದ್ದು. ಇಂಟರ್ನೆಟ್ಟಿನಲ್ಲಿ ನಮ್ಮ ಪಂದ್ಯಗಳನ್ನು ನೋಡಿದ್ದಾರೆ. ನಿಮ್ಮ ಈ ಆಟಗಾರ್ತಿಯ ಬಳಿ ಭಾರತದ ಪಾಸ್‌ಪೋರ್ಟ್ ಇದೆಯೇ, ಇದ್ದರೆ ಅವಳೊಡನೆ ಮಾತಾಡಬಹುದೇ ಎಂದು ಕೇಳಿದ್ದರು. ಇಂಥ ಪತ್ರವನ್ನು ಆಟಗಾರ್ತಿಗೆ ತೋರಿಸಲೇಬೇಕು. ತೋರಿಸಿದೆ.

“ಥ್ಯಾಂಕ್ಸ್, ಆದ್ರೆ ಬೇಡ ಅಂತ ಬರೀರಿ. ಸ್ವಲ್ಪ ಚೆನ್ನಾಗಿ ಬರೀರಿ,” ಎಂದಳು.

ಚೆನ್ನಾಗಿಯೇ ಬರೆದೆ. ಮರುದಿನ ಉತ್ತರ ಬಂತು: ಪರವಾಗಿಲ್ಲ, ಒಂದು ಚಿಕ್ಕ ವಿಡಿಯೊ ಕಳಿಸಿದ್ದೇನೆ, ಅವಳಿಗೆ ಇಷ್ಟವಿದ್ದರೆ ನೋಡಲಿ.

ನಲವತ್ತು ಸೆಕೆಂಡಿನ ತುಣುಕು. ನಮ್ಮ ಪಂದ್ಯವೇ. ಅವಳು ಆಡುವುದು ಆರನೇ ಜಾಗದಲ್ಲಿ, ಅಂದರೆ ರಕ್ಷಣೆಯವರ ಮುಂದೆ ಮೈದಾನದ ನಡುವೆ ನಿಂತು ಚೆಂಡು ಪಡೆದು ಹಂಚುವ ಕೆಲಸ. ವಿಡಿಯೊದಲ್ಲಿ ಅವಳ ತಲೆಯ ಸುತ್ತ ಹಳದಿ ವೃತ್ತ ಬರೆದು, ಕೆಳಗೆ ಒಂದೇ ಪ್ರಶ್ನೆ ಹಾಕಿದ್ದರು: ‘ಚೆಂಡು ಬರುವ ಮೊದಲು ಎಷ್ಟು ಸಲ ಹಿಂದೆ ತಿರುಗಿ ನೋಡಿದೆ?’

ಅವಳು ಎರಡು ಸಲ ಓಡಿಸಿ ನೋಡಿದಳು. “ಒಂದು,” ಎಂದಳು, ನನಗಲ್ಲ, ಫೋನಿಗೆ.

ಆ ಶನಿವಾರ ಹತ್ತು ಸಾಲುಗಳ ಹಾಳೆಯೊಂದನ್ನು ಹಿಡಿದು ಹಡರ್ಸ್‌ಫೀಲ್ಡಿಗೆ ಹೋದೆ. ಒಂದು ಹುಟ್ಟುಹಬ್ಬದಿಂದ ಮುಂದಿನದರವರೆಗೆ ಒಂದು ಸಾಲು. ಹೊರಗೆ ಹೋದ ದಿನ, ವಾಪಸಾದ ದಿನ, ಒಟ್ಟು ದಿನ, ಸಾಕ್ಷಿ. ಅವಳ ಮೊದಲ ಪಾಸ್‌ಪೋರ್ಟ್, ಐದು ವರ್ಷದವರೆಗಿನದು, ಮನೆ ಬದಲಿಸುವಾಗ ಕಳೆದುಹೋಗಿತ್ತು. ಆ ಐದು ಸಾಲುಗಳನ್ನು ತಾಯಿಯ ನೆನಪಿನಿಂದಲೇ ತುಂಬಬೇಕಿತ್ತು.

“ಬಾರವಾ, ಒಳಗ ಬಾ. ಶೆಫೀಲ್ಡಿನಿಂದ ಬಂದಿ? ಮೊದಲು ಚಹಾ ಕುಡಿ,” ಎಂದರು ತಾಯಿ. ನಾನು ಮೈಸೂರಿನವಳೆಂದು ತಿಳಿದ ಮೇಲೆ ಸ್ವಲ್ಪ ಹೊತ್ತು ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಲು ನೋಡಿ, ಆಮೇಲೆ ಬಿಟ್ಟರು.

“ಆಂಟಿ, ಇವಳು ಚಿಕ್ಕವಳಾಗಿದ್ದಾಗ ಹೊರದೇಶಕ್ಕೆ ಪ್ರವಾಸ ಅಂತ ಯಾವಾಗ ಯಾವಾಗ ಹೋಗಿದ್ರಿ?”

“ಒಮ್ಮೆ ಪ್ಯಾರಿಸ್, ನಾಕು ದಿನ. ಮತ್ತ ಸೂಟಿಯೊಳಗ ಇಂಡಿಯಾ, ಮೂರು ವಾರ. ರಜಾ ಎಲ್ಲಿ ಸಿಗ್ತದ?”

ಬರೆದುಕೊಂಡೆ. ಹತ್ತು ಸಾಲುಗಳಲ್ಲಿ ಯಾವುದೂ ಮೂವತ್ತು ದಿನ ದಾಟಲಿಲ್ಲ. ತಂದೆ ಹಾಳೆಯನ್ನು ನೋಡಿ, “ಕ್ಲೀನ್ ಆಗಿದೆ ಅಲ್ವಾ ಮೇಡಂ?” ಎಂದರು. ಕ್ಲೀನ್ ಆಗಿದೆ ಎಂದು ನಾನೂ ಅಂದುಕೊಂಡೆ. ತಾಯಿಯ ಹಳೆಯ ಪಾಸ್‌ಪೋರ್ಟ್ ಕೇಳಬೇಕಿತ್ತು, ಕೇಳಲಿಲ್ಲ.

ಶಾಲೆಗೆ ಸೇರುವ ಮೊದಲಿನ ವರ್ಷಗಳಿಗೆ ಇಲ್ಲಿ ಒಳ್ಳೆಯ ಸಾಕ್ಷಿಯೆಂದರೆ ಕೆಂಪು ಪುಸ್ತಕ. ಮಗು ಹುಟ್ಟಿದಾಗ ಆಸ್ಪತ್ರೆಯವರು ಕೊಡುವ, ತೂಕ, ಎತ್ತರ, ಲಸಿಕೆಗಳನ್ನೆಲ್ಲ ಬರೆಯುವ ಪುಸ್ತಕ ಅದು. ವಕೀಲೆ ಅದರ ಪ್ರತಿ ಕೇಳಿದ್ದರು. ಸೆಪ್ಟೆಂಬರ್ ಮೊದಲ ವಾರ ಕಚೇರಿಯ ಸ್ಕ್ಯಾನರಿನ ಮುಂದೆ ನಿಂತು ಒಂದೊಂದೇ ಪುಟ ತಿರುಗಿಸುತ್ತಿದ್ದೆ. ಮೂರು ವರ್ಷ ನಾಲ್ಕು ತಿಂಗಳಿಗೆ ಹಾಕುವ ಲಸಿಕೆಯ ಎದುರು, ಉಳಿದ ಎಲ್ಲ ಕಡೆ ಇದ್ದ ಹಡರ್ಸ್‌ಫೀಲ್ಡಿನ ಕ್ಲಿನಿಕ್ಕಿನ ಮುದ್ರೆ ಇರಲಿಲ್ಲ. ನೇರಳೆ ಬಣ್ಣದ ದುಂಡು ಮೊಹರು. ಮಕ್ಕಳ ತಜ್ಞರು, ಧಾರವಾಡ. ತಿಂಗಳು ಅಕ್ಟೋಬರ್.

ಅಕ್ಟೋಬರಿನಲ್ಲಿ ಇಲ್ಲಿ ಮೂರು ವಾರದ ಸೂಟಿ ಯಾವುದೂ ಇರುವುದಿಲ್ಲ. ನನ್ನ ಹಾಳೆಯ ನಾಲ್ಕನೆಯ ಸಾಲಿನಲ್ಲಿ ಆ ವರ್ಷ ‘ಪ್ರವಾಸವಿಲ್ಲ’ ಎಂದಿತ್ತು.

ಅವಳಿಗೊಬ್ಬ ತಮ್ಮನಿದ್ದಾನೆ, ನವೆಂಬರಿನಲ್ಲಿ ಹುಟ್ಟಿದವನು ಎಂಬುದು ಆಗ ಹೊಳೆಯಿತು. ಸ್ಕ್ಯಾನರಿನ ಮುಚ್ಚಳ ಹಾಕಿ ತಾಯಿಗೆ ಫೋನ್ ಮಾಡಿದೆ.

“ಆಂಟಿ, ಮಗ ಹುಟ್ಟಿದ್ದು ಎಲ್ಲಿ?”

“ಎಲ್ಲಿ ಅಂದ್ರ? ಧಾರವಾಡದಾಗ. ಮತ್ತೆಲ್ಲಿ?”

“ಎಷ್ಟು ತಿಂಗಳು ಇದ್ರಿ ಅಲ್ಲಿ?”

“ಏಳು ತಿಂಗಳಿದ್ದಾಗ ಹೋದೆ. ಕೂಸಿಗೆ ಮೂರು ತಿಂಗಳು ತುಂಬಿದ ಮ್ಯಾಲೆ ಬಂದೆ. ಯಾಕವಾ?”

“ಇವಳನ್ನೂ ಕರಕೊಂಡು ಹೋಗಿದ್ರಾ?”

“ಮೂರು ವರ್ಷದ ಕೂಸನ್ನ ಯಾರ ಹತ್ರ ಬಿಟ್ಟು ಹೋಗಲಿ?”

“ಆವತ್ತು ಕೇಳಿದಾಗ ಹೇಳಲಿಲ್ಲವಲ್ಲ, ಆಂಟಿ.”

“ನೀ ಕೇಳಿದ್ದು ಪ್ರವಾಸ,” ಎಂದರು, ಮೆಲ್ಲಗೆ. “ಅದು ಬಾಣಂತನ ಅಲ್ಲೇನು? ತವರಮನಿಗೆ ಹೋಗಿದ್ದೆ. ಅದನ್ನ ಯಾರರ ಪರದೇಶ ಅಂತಾರ?”

ತಪ್ಪು ಅವರದಲ್ಲ. ಇಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿ ಕೇಳಿದ್ದರೆ, ಅವಳಿಗೆ ಇಂಥದೊಂದು ಪದ್ಧತಿ ಇದೆಯೆಂದೇ ಗೊತ್ತಿರುತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಅಕ್ಕ ಎರಡೂ ಸಲ ನಮ್ಮಮ್ಮನ ಬಳಿ ಬಂದು ಹೋಗಿದ್ದಳು. ಎರಡನೆಯ ಮಗುವಿರುವ ಕನ್ನಡದ ಮನೆಯಲ್ಲಿ ಕುಳಿತು, ಬಾಣಂತನ ಎಲ್ಲಾಯಿತು ಎಂದು ಕೇಳಬೇಕೆಂದು ಹೊಳೆಯಬೇಕಾದ್ದು ನನಗೇ. ಚಹಾ ಕುಡಿದು, ಫಾರ್ಮಿನ ಪ್ರಶ್ನೆಯನ್ನು ಇಂಗ್ಲಿಷಿನಿಂದ ಹಾಗೇ ಕನ್ನಡಕ್ಕೆ ತಿರುಗಿಸಿ ಕೇಳಿ ಬಂದಿದ್ದೆ.

ಸಂಜೆ ತಂದೆ ಫೋನ್ ಮಾಡಿದರು.

“ಮೇಡಂ, ಆ ರೆಡ್ ಬುಕ್ ಕಂಪಲ್ಸರಿ ಏನಲ್ಲ ಅಲ್ವಾ? ಜಿಪಿ ಹತ್ರ ಒಂದು ಲೆಟರ್ ತಗೊಂಡ್ರೆ ಸಾಕಂತೆ, ಇವರು ನಮ್ಮ ಪೇಷೆಂಟ್ ಅಂತ.”

“ಲೆಟರ್ ತಗೋಬಹುದು ಸರ್. ಆದರೆ ಹತ್ತು ಸಾಲಿನ ಹಾಳೆಗೆ ಅವಳು ಸಹಿ ಹಾಕಬೇಕು.”

“ಮೂರು ವರ್ಷದ ಮಗು. ಅವಳಿಗೇನು ನೆನಪಿರುತ್ತೆ? ಯಾರು ನೋಡ್ತಾರೆ ಈಗ?”

ಯಾರೂ ನೋಡುವುದಿಲ್ಲ ಎಂಬುದು ನಿಜವಿರಬಹುದು. ಆದರೆ ಅಡಗಿಸಿ ಪಡೆದ ಪೌರತ್ವವನ್ನು ಎಷ್ಟು ವರ್ಷವಾದ ಮೇಲೂ ಕಿತ್ತುಕೊಳ್ಳಬಹುದು. ಸಹಿ ಅವಳದು, ಬದುಕೂ ಅವಳದು. “ನಾನು ನೋಡಿಬಿಟ್ಟಿದ್ದೀನಿ ಸರ್,” ಎಂದೆ. “ವಕೀಲರಿಗೆ ಹೇಳ್ತೀನಿ. ಅದಕ್ಕೆ ಮೊದಲು ನಿಮ್ಮ ಮಗಳಿಗೆ ಹೇಳ್ತೀನಿ.”

ಅವರು ಸಿಟ್ಟಾಗಲಿಲ್ಲ. “ಸಿಟಿಜನ್‌ಶಿಪ್ ಕೆಲಸಾನ ಪ್ರತಿ ವರ್ಷ ನಾನೇ ಮುಂದಕ್ಕೆ ಹಾಕಿದ್ದು,” ಎಂದು ಫೋನ್ ಇಟ್ಟರು.

ಅವಳಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಜಿಮ್ಮಿನ ಹೊರಗಿನ ಬೆಂಚಿನ ಮೇಲೆ ಕುಳಿತು ಹಾಳೆ ತೋರಿಸಿದೆ. ಪ್ರಶ್ನೆಯನ್ನು ಮೊದಲ ಸಲ ನಾನೇ ಸರಿಯಾಗಿ ಕೇಳಲಿಲ್ಲ ಎಂದೂ ಹೇಳಿದೆ.

“ಹಾಗಾದ್ರೆ ಆಗೋದೇ ಇಲ್ವಾ?”

“ಆಗಬಹುದು. ಕಾರಣ ಸರಿಯಾಗಿದ್ದರೆ ಅಧಿಕಾರಿ ಆ ವರ್ಷವನ್ನು ಮನ್ನಿಸಬಹುದು. ಆದರೆ ಸಮಯ ಹಿಡಿಯುತ್ತದೆ. ನವೆಂಬರ್ ಒಳಗೆ ಖಂಡಿತ ಆಗಲ್ಲ.”

ಅವಳು ನಾಲ್ಕನೆಯ ಸಾಲನ್ನು ಮತ್ತೊಮ್ಮೆ ಓದಿ ಹಾಳೆಯನ್ನು ನನಗೆ ಕೊಟ್ಟಳು. “ನನ್ನ ತಮ್ಮ ಹುಟ್ಟುವ ಮೊದಲೇ ನನಗೆ ಕಾಟ ಕೊಟ್ಟಿದ್ದಾನೆ,” ಎಂದು ಎದ್ದು ಹೋದಳು.

ವಕೀಲೆ ಲೀಡ್ಸ್‌ನಲ್ಲಿದ್ದರು, ಐವತ್ತರ ಆಸುಪಾಸಿನ, ಮಾತಿನಲ್ಲಿ ಬಿಗಿಯಾದ ಹೆಂಗಸು. ಅವರಿಗೆ ಬೇಕಾದದ್ದು ಎರಡು: ಆಸ್ಪತ್ರೆಯ ಕಾಗದ ಮತ್ತು ತಾಯಿಯ ಹೇಳಿಕೆ. ಕಾಗದವನ್ನು ಧಾರವಾಡದಲ್ಲಿದ್ದ ಅವಳ ಸೋದರಮಾವ ಮೂರು ಸಲ ಅಲೆದು, ದಾಖಲೆ ಕೋಣೆಯ ಗುಮಾಸ್ತರನ್ನು ಒಲಿಸಿಕೊಂಡು ಕಳಿಸಿದರು. ತಾಯಿಯ ಹಳೆಯ ಪಾಸ್‌ಪೋರ್ಟಿನ ಮುದ್ರೆಗಳಿಂದ ದಿನಗಳನ್ನು ಲೆಕ್ಕ ಹಾಕಿದೆ: ನೂರ ನಲವತ್ತೇಳು. ಹೇಳಿಕೆಯ ವಿಷಯಕ್ಕೆ ಬಂದಾಗ ವಕೀಲೆ ಒಂದು ಪ್ರಶ್ನೆ ಬರೆದು ಕಳಿಸಿದ್ದರು: ಹಡರ್ಸ್‌ಫೀಲ್ಡಿನಲ್ಲಿ ಒಳ್ಳೆಯ ಆಸ್ಪತ್ರೆ ಇರುವಾಗ, ಹೆರಿಗೆಗೆ ಐದು ತಿಂಗಳು ಅಷ್ಟು ದೂರ ಹೋದದ್ದೇಕೆ?

ಮತ್ತೆ ಆ ಮನೆಗೆ ಹೋದೆ. ತಾಯಿ ಕನ್ನಡದಲ್ಲಿ ಹೇಳುವುದು, ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ನಾನು ಸುಮ್ಮನೆ ಕುಳಿತು ಯಾವ ಸಾಲಿಗೆ ಯಾವ ಕಾಗದ ಎಂದು ಗುರುತು ಹಾಕುವುದು ಎಂದಾಯಿತು.

“ಆಸ್ಪತ್ರಿ ಛಲೋನ ಇತ್ತು ಅಂತ ಬರಿ,” ಎಂದರು ತಾಯಿ. “ಯಾರ ಮ್ಯಾಲೂ ದೂರಿಲ್ಲ.”

ಮಗಳು ಟೈಪ್ ಮಾಡಿದಳು.

“ಆದರ ಹಡದು ಮನಿಗೆ ಬಂದ ಮ್ಯಾಲೆ ಎಣ್ಣಿ ಹಚ್ಚಿ ನೀರು ಹಾಕವರು ಯಾರಿದ್ರು? ಈಕಿ ಹುಟ್ಟಿದಾಗ ಯಾರೂ ಇರಲಿಲ್ಲ.”

“ನಾನು ಹುಟ್ಟಿದಾಗ್ಲೂ ಹೋಗ್ಬೇಕಿತ್ತಾ, ಮಮ್?” ಮಗಳ ಕೈ ನಿಂತಿತ್ತು.

“ಟಿಕೆಟ್ ಸುದ್ದಾ ಆಗಿತ್ತು. ವೀಸಾ ಮುಂದುವರಿಸಾಕ ಅಂತ ನಮ್ಮಿಬ್ಬರ ಪಾಸ್‌ಪೋರ್ಟೂ ವೀಸಾ ಆಫೀಸಿಗೆ ಹೋಗಿದ್ದವು, ಬರಲೇ ಇಲ್ಲ. ಬರೋದರೊಳಗ ಎಂಟು ತಿಂಗಳು ಮುಗೀತು. ವಿಮಾನದವರು ಹತ್ತಿಸಿಕೊಳ್ಳಲಿಲ್ಲ. ನಿಮ್ಮಪ್ಪಗ ಒಂದು ವಾರ ರಜಾ. ಆಮ್ಯಾಲೆ ನಾನು, ನೀನು, ಆ ಮ್ಯಾಲಿನ ಮನಿ ಫ್ಲಾಟು. ಒಬ್ಬಾಕಿ ಹೆಲ್ತ್ ವಿಸಿಟರ್, ಕೂಸು ನೋಡಾಕ ಬರೋ ನರ್ಸು, ಬಂದು ‘ಹೌ ಆರ್ ಯು ಫೀಲಿಂಗ್’ ಅಂತ ಕೇಳಿ, ನಾ ಅಳಾಕ ಹತ್ತಿದ್ರ, ಫಾರ್ಮಿನ್ಯಾಗ ಟಿಕ್ ಹಾಕಿಕೊಂಡು ಹೋದಳು. ಒಳ್ಳೆ ಹೆಂಗಸು ಪಾಪ. ಎರಡನೇದಕ್ಕ ನಾ ಇಲ್ಲಿರೂದಿಲ್ಲ ಅಂತ ಅವತ್ತ ಅಂದ್ಕೊಂಡೆ.”

“ಅಂದ್ರೆ ಪಾಸ್‌ಪೋರ್ಟ್ ಸಮಯಕ್ಕೆ ಬಂದಿದ್ದರೆ ನಾನು ಧಾರವಾಡದಲ್ಲಿ ಹುಟ್ಟಬೇಕಿತ್ತು.”

“ಹೂಂ ಮತ್ತ. ಇದನ್ನೂ ಬರೀಬೇಕೇನು?”

“ಇದನ್ನೂ ಬರೀತೀನಿ,” ಎಂದಳು.

ಆ ಹೇಳಿಕೆ ಒಂದೂವರೆ ಪುಟವಾಯಿತು. ವಕೀಲೆ ಅದರಲ್ಲಿ ಎರಡೇ ಪದ ತಿದ್ದಿದರು. ಅಕ್ಟೋಬರ್ ಮಧ್ಯದಲ್ಲಿ ಅರ್ಜಿ ಹೋಯಿತು.

ನವೆಂಬರಿನಲ್ಲಿ ಅವಳು ಶಿಬಿರಕ್ಕೆ ಹೋದಳು. ನಾಲ್ಕು ದಿನ ಅಭ್ಯಾಸ ಮಾಡಿದಳು. ಐದನೆಯ ದಿನ ಉಳಿದವರು ಸೂಟ್‌ಕೇಸ್ ಎಳೆದುಕೊಂಡು ವಿಮಾನ ನಿಲ್ದಾಣದ ಬಸ್ಸು ಹತ್ತಿದರು. ಇವಳು ರೈಲು ಹತ್ತಿ ವಾಪಸು ಬಂದಳು. ಅಲ್ಲಿಯವರು ಒಳ್ಳೆಯ ಮಾತೇ ಹೇಳಿ ಕಳಿಸಿದ್ದರು: ಏಪ್ರಿಲಿನಲ್ಲಿ ಮುಂದಿನ ಸುತ್ತು, ಆಗ ಬಲ ಬದಿಯ ರಕ್ಷಣೆಯಲ್ಲಿ ಆಡಿಸಿ ನೋಡುತ್ತೇವೆ, ಕಾಗದ ಬಂದ ಕೂಡಲೇ ತಿಳಿಸಿ.

“ಬಲ ಬದಿ?” ಎಂದೆ.

“ಆರನೇ ಜಾಗಕ್ಕೆ ಅವರ ಹತ್ರ ಇಬ್ಬರಿದ್ದಾರೆ. ಇಬ್ಬರೂ ನನಗಿಂತ ಒಳ್ಳೆಯವರು. ಸುಳ್ಳಲ್ಲ.”

ಭಾರತದ ಕೋಚ್ ಕಳಿಸುವ ವಿಡಿಯೊಗಳು ಮಾತ್ರ ನಿಲ್ಲಲಿಲ್ಲ. ಪ್ರತಿ ಸೋಮವಾರ ಒಂದು ಬರುತ್ತಿತ್ತು. ನಿಯಮದಂತೆ ಅವು ನನ್ನ ಮೂಲಕವೇ ಅವಳಿಗೆ ತಲುಪುತ್ತಿದ್ದುದರಿಂದ ನಾನೂ ನೋಡುತ್ತಿದ್ದೆ. ಎಡಗಾಲನ್ನು ಯಾವಾಗ ತೆರೆದಿಡಬೇಕು, ಎದುರಾಳಿ ಒತ್ತುತ್ತ ಬಂದಾಗ ಮೊದಲ ಸ್ಪರ್ಶ ಎತ್ತ ಇರಬೇಕು. ಒಂದೇ ಪ್ರಶ್ನೆ, ಒಂದೇ ಬಾಣದ ಗುರುತು. ನವೆಂಬರ್ ಮುಗಿಯುವ ಹೊತ್ತಿಗೆ ಅವಳು ಕೋಚ್‌ಗೆ ನೇರವಾಗಿಯೇ ಬರೆದಳು: ನಾನು ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ, ನಿಮ್ಮ ಸಮಯ ಹಾಳಾಗುತ್ತಿದೆ. ಉತ್ತರ ಬಂತು: ‘ಗೊತ್ತು. ಆದರೆ ಶನಿವಾರ ನೀನು ನಾಲ್ಕು ಸಲ ತಿರುಗಿ ನೋಡಿದೆ. ವಿಡಿಯೊ ಕಳಿಸಿದ್ದೇನೆ.’

ಫೆಬ್ರವರಿಯಲ್ಲಿ ಒಪ್ಪಿಗೆ ಬಂತು. ನಾಲ್ಕನೆಯ ವರ್ಷವನ್ನು ಮನ್ನಿಸಲಾಗಿದೆ ಎಂದು ಒಂದು ಸಾಲು. ಕಚೇರಿಯಲ್ಲಿ ನಮ್ಮ ಮುಖ್ಯಸ್ಥೆ, ಸಾಲ್ಫರ್ಡಿನ ಗಟ್ಟಿ ದನಿಯ ಹೆಂಗಸು, “ನೋಡಿದೆಯಾ ಲವ್, ನಿಜ ಹೇಳಿಯೂ ಗೆಲ್ಲಬಹುದು,” ಎಂದು ನನ್ನ ಬೆನ್ನು ತಟ್ಟಿದರು. ಇನ್ನುಳಿದದ್ದು ಕೌನ್ಸಿಲ್ಲಿನ ಪುರಭವನದಲ್ಲಿ ನಡೆಯುವ ಸಮಾರಂಭ. ಮೂರು ತಿಂಗಳೊಳಗೆ ಹೋಗಿ ಪ್ರತಿಜ್ಞೆ ಮಾಡಬೇಕು. ಆ ಗಳಿಗೆಯವರೆಗೆ ಅವಳು ಭಾರತೀಯಳು, ಆಮೇಲೆ ಬ್ರಿಟಿಷಳು. ಹೋಗದಿದ್ದರೆ ಒಪ್ಪಿಗೆ ಬಿದ್ದುಹೋಗುತ್ತದೆ. ಸದ್ಯಕ್ಕೆ ಏಪ್ರಿಲ್ ಮೊದಲ ವಾರದ ಒಂದು ದಿನವನ್ನು ಕೌನ್ಸಿಲ್ಲಿನವರೇ ಗೊತ್ತುಮಾಡಿದ್ದರು. ಇಂಗ್ಲೆಂಡಿನ ಪಂದ್ಯಗಳು ತಿಂಗಳ ಎರಡನೆಯ ವಾರ, ಸಮಯ ಹೊಂದುತ್ತಿತ್ತು.

ಅವಳು ಪತ್ರವನ್ನು ಎರಡು ಸಲ ಓದಿದಳು. ಕುಣಿಯಲಿಲ್ಲ.

“ಇಷ್ಟು ದಿನ ಅವರು ನಿರ್ಧಾರ ಮಾಡ್ತಾರೆ ಅಂದುಕೊಂಡಿದ್ದೆ,” ಎಂದಳು. “ಈಗ ನಾನೇ ಮಾಡಬೇಕು.”

ಆಗ ತಿಳಿಯಿತು. ಕೋಚ್ ಹಿಂದಿನ ದಿನ ಅವಳಿಗೆ ಫೋನ್ ಮಾಡಿದ್ದರು. ಭಾರತದ ಹಿರಿಯ ತಂಡಕ್ಕೂ ಅದೇ ಏಪ್ರಿಲಿನಲ್ಲಿ ಅರ್ಹತಾ ಪಂದ್ಯಗಳಿದ್ದವು. ಪಟ್ಟಿಯಲ್ಲಿ ಆರನೇ ಜಾಗದ ಎದುರು ಹೆಸರು ಬರೆಯದೆ ಖಾಲಿ ಇಟ್ಟಿದ್ದಾರೆ, ಮಾರ್ಚ್ ಹತ್ತರವರೆಗೆ. ಹಿರಿಯರ ಅರ್ಹತಾ ಪಂದ್ಯಗಳಲ್ಲಿ ಆಡತೊಡಗಿದ ಮೇಲೆ ತಂಡ ಬದಲಿಸುವ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ.

ಎರಡೂ ದಾರಿಗಳಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಒಂದು ಪುಟದಲ್ಲಿ ಬರೆದುಕೊಡಲು ಕೇಳಿದಳು. ವಕೀಲೆ ನೋಡಿ ಒಪ್ಪಿದರೆ ನಾನು ಬರೆಯಬಹುದಿತ್ತು. ಮನೆಗೆ ಹೋಗಿ ಬರೆದೆ. ಬರೆದು ನೋಡಿದಾಗ, ಬ್ರಿಟಿಷ್ ಎಂಬುದರ ಕೆಳಗೆ ಒಂಬತ್ತು ಸಾಲು, ಭಾರತ ಎಂಬುದರ ಕೆಳಗೆ ಮೂರು. ನನ್ನ ಸ್ವಂತ ವೀಸಾದ ಮೇಲೆ ಕ್ಲಬ್ಬಿನ ಹೆಸರಿದೆ. ಕ್ಲಬ್ಬು ಕೈಬಿಟ್ಟರೆ ಈ ದೇಶವನ್ನೂ ಬಿಡಬೇಕು. ನನ್ನದೂ ಒಂದು ಸಾಲುಗಳ ಹಾಳೆಯಿದೆ. ಎಷ್ಟು ದಿನ ಹೊರಗಿದ್ದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆ ಒಂಬತ್ತು ಸಾಲುಗಳು ಅವಳಿಗಾಗಿ ಬರೆದವಲ್ಲ. ಹರಿದುಹಾಕಿ, ಅವಳಿಗೆ ಅನ್ವಯಿಸುವುದನ್ನಷ್ಟೇ ಬರೆದೆ. ಇಲ್ಲಿ ಇರುವ ಅನುಮತಿ ಎರಡರಲ್ಲೂ ಉಳಿಯುತ್ತದೆ. ಬ್ರಿಟಿಷಳಾದರೆ ಭಾರತದಲ್ಲಿ ಮತ ಹಾಕುವ ಹಕ್ಕು ಹೋಗುತ್ತದೆ, ಭಾರತೀಯಳಾಗಿ ಉಳಿದರೆ ಯುರೋಪಿಗೆ ಹೋಗುವಾಗಲೆಲ್ಲ ವೀಸಾ ಬೇಕಾಗುತ್ತದೆ. ಎರಡೂ ಕಡೆ ಐದೈದು ಸಾಲಾದವು. ನಾನು ಎಳೆದು ಸಮ ಮಾಡಿದ್ದಲ್ಲ.

ಆ ಭಾನುವಾರ ಅವರ ಮನೆಯಲ್ಲಿ ಆ ಪುಟವನ್ನು ಓದಿದೆವು. ತಂದೆ ಎದ್ದು ನಿಂತೇ ಮಾತಾಡಿದರು.

“ಒಪ್ಪಿಗೆ ಕೈಗೆ ಬಂದಿದೆ. ಜನ ಇದಕ್ಕೋಸ್ಕರ ಹತ್ತು ವರ್ಷ ಕಾಯ್ತಾರೆ. ನೀನು ಬಿಟ್ಟುಬಿಡ್ತೀನಿ ಅಂತ ಯೋಚ್ನೆ ಮಾಡ್ತಿದ್ದೀಯ?”

“ನೀವು ಇಪ್ಪತ್ತು ವರ್ಷ ತಗೊಳ್ಳಲಿಲ್ಲ, ಡ್ಯಾಡ್.”

“ನಾವು ವಾಪಸ್ ಹೋಗೋರಿದ್ವಿ!”

“ಹೋದ್ರಿ, ಭಾಳ ಹೋದ್ರಿ,” ಎಂದರು ತಾಯಿ ಅಡುಗೆಮನೆಯಿಂದ. ತಂದೆಗೂ ನಗು ಬಂತು, ತಡೆದುಕೊಂಡರು.

ಆಮೇಲೆ ತಾಯಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕುಳಿತರು. “ನೀನ ಹೇಳವಾ. ನೀ ಆಗಿದ್ರ ಏನ್ ಮಾಡ್ತಿದ್ದಿ?”

ಮೂವರೂ ನನ್ನನ್ನೇ ನೋಡುತ್ತಿದ್ದರು. ಉತ್ತರ ನನ್ನ ಬಳಿ ಇತ್ತು. ತಡವಿಲ್ಲದೆ ಬರುವ ಉತ್ತರ. “ನಾನು ಫುಟ್‌ಬಾಲ್ ಆಡಲ್ಲ, ಆಂಟಿ,” ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ, ತಂದೆಯ ಕಡೆ ತಿರುಗಿದಳು. “ಇಂಗ್ಲೆಂಡಿನವರು ನನಗೆ ಏನೂ ಕೆಟ್ಟದ್ದು ಮಾಡಿಲ್ಲ, ಡ್ಯಾಡ್. ಅವರು ನನ್ನನ್ನ ನೋಡ್ತೀವಿ ಅಂದಿದ್ದಾರೆ. ಇವರು ಆರು ತಿಂಗಳಿಂದ ನನಗೆ ಕಲಿಸ್ತಿದ್ದಾರೆ. ನಾನು ಬರಲ್ಲ ಅಂತ ಗೊತ್ತಿದ್ದೂ ಕಲಿಸಿದ್ದಾರೆ. ನನ್ನ ಜಾಗದಲ್ಲಿ ನಾನು ಆಡಬೇಕು.”

“ಸೋಲ್ತಾರಮ್ಮ ಇಂಡಿಯಾದವರು,” ಎಂದರು ತಂದೆ, ದನಿ ಇಳಿಸಿ.

“ಗೊತ್ತು. ಮಧ್ಯದಲ್ಲಿ ಚೆಂಡು ಇಟ್ಟುಕೊಳ್ಳೋರು ಯಾರೂ ಇಲ್ಲ ಅವರಿಗೆ.”

ತಂದೆ ಕುಳಿತರು. ಆ ಪುಟವನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಓದತೊಡಗಿದರು. ಆ ದಿನ ನನಗೆ ಅವಳ ಮೇಲೆ ಸ್ವಲ್ಪ ಕೋಪ ಬಂದಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಶೆಫೀಲ್ಡಿನ ರೈಲಿನಲ್ಲಿ ಕುಳಿತು ಅದು ಇಳಿಯುವವರೆಗೆ ಕಿಟಕಿಯಾಚೆ ನೋಡಿದೆ. ಬ್ರೂಮ್‌ಹಿಲ್ಲಿನ ನನ್ನ ಕೋಣೆ ಮುಟ್ಟುವ ಹೊತ್ತಿಗೆ ಅದು ಕೋಪವಲ್ಲ, ಅಂಥ ಒಪ್ಪಿಗೆ ನನಗೂ ಬೇಕೆಂಬ ಆಸೆ ಎಂದು ತಿಳಿದಿತ್ತು.

ಮಾರ್ಚ್ ಒಂಬತ್ತರಂದು ಅಭ್ಯಾಸದ ನಡುವಿನ ಬಿಡುವಿನಲ್ಲಿ ಅವಳು ಬಂದಳು. ಕೋಚ್‌ಗೆ ಫೋನ್ ಮಾಡಿ ಆಗಿತ್ತು. ಇಂಗ್ಲೆಂಡಿನವರಿಗೂ ಅವಳೇ ಮಾಡಿದ್ದಳು. ಅವರು ಒಳ್ಳೆಯದಾಗಲಿ ಎಂದಿದ್ದರು. ಉಳಿದದ್ದು ಪುರಭವನದ ದಿನವನ್ನು ಬಿಟ್ಟುಕೊಡುವುದು. ಅದಕ್ಕೂ ಕೌನ್ಸಿಲ್ಲಿನ ಒಂದು ಫಾರ್ಮಿದೆ. ತೆರೆದು, ಕಂಪ್ಯೂಟರನ್ನು ಅವಳತ್ತ ತಿರುಗಿಸಿದೆ.

ಬರಲಾಗದ್ದಕ್ಕೆ ಕಾರಣ ಎಂಬಲ್ಲಿ ಆಯ್ಕೆಗಳಿದ್ದವು: ಅನಾರೋಗ್ಯ, ಕುಟುಂಬದಲ್ಲಿ ಸಾವು, ಪ್ರಯಾಣ, ಇತರೆ. ಅವಳು ‘ಇತರೆ’ ಒತ್ತಿದಳು. ಒಂದು ದೊಡ್ಡ ಖಾಲಿ ಚೌಕ ತೆರೆದುಕೊಂಡಿತು.

“ಎಷ್ಟು ಬರೀಬೇಕು ಇದರಲ್ಲಿ?”

“ಎಷ್ಟು ಬೇಕಾದರೂ.”

ಅವಳು ಬರೆದದ್ದು ಒಂದೇ ಸಾಲು: ‘ಆ ವಾರ ನನಗೆ ಪಂದ್ಯವಿದೆ.’

ಕೆಳಗೆ ಕೊನೆಯ ಪ್ರಶ್ನೆ ಬಂತು. ಬೇರೆ ದಿನಾಂಕ ಬೇಕೇ? ಬೇಕು, ಬೇಡ. ಅಲ್ಲಿ ಅವಳ ಬೆರಳು ನಿಂತಿತು. ನಾನು ಮೇಜಿನ ಮೇಲಿದ್ದ ಕಾಗದಗಳ ಅಂಚು ಸರಿಮಾಡುತ್ತ ಕುಳಿತೆ. ಮೈದಾನದ ಕಡೆಯಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು, ಬಿಡುವು ಮುಗಿಯಿತೆಂದು.

“ಬಂದೆ!” ಎಂದು ಕಿಟಕಿಯತ್ತ ಕೂಗಿ, ‘ಬೇಡ’ ಎಂಬುದನ್ನು ಒತ್ತಿದಳು.